ಹೋದ ಪುಟ್ಟ, ಬಂದ ಪುಟ್ಟ: ಕಚೇರಿ ಟೂರಿನ ಇಂಗಾಲದ ಲೆಕ್ಕ

ಕಳೆದ ಸಂಚಿಕೆಯಲ್ಲಿ ಕಚೇರಿ ಕೆಲಸದ ಪ್ರಯಾಣವನ್ನು ತಗ್ಗಿಸುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧದಷ್ಟು ಲೆಕ್ಕ ಹೇಗೆ ಹಾಕುವುದು ಎಂದು ಕೇಳಿವೆ, ಉಳಿದರ್ಧ ವಿಡಿಯೋ ಮೀಟಿಂಗ್ ಕೈಕೊಡುವ ಗೋಳು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನಮ್ಮದು ನಲವತ್ತು ಜನರ ಯಂತ್ರಭಾಗಗಳ ಘಟಕ. ದೊಡ್ಡ ಗಿರಾಕಿಯೊಬ್ಬರು ನಮ್ಮ ಪ್ರಯಾಣದ ಇಂಗಾಲದ ಲೆಕ್ಕ ಕೇಳಿದ್ದಾರೆ. ನಮ್ಮಲ್ಲಿ ಇರುವುದು ಟಿಎ (ಪ್ರಯಾಣ ಭತ್ಯೆ) ಬಿಲ್ಲುಗಳ ಕಟ್ಟು ಮಾತ್ರ. ಎಲ್ಲಿಂದ ಶುರು ಮಾಡಲಿ?
— ಲೆಕ್ಕಪತ್ರ ವಿಭಾಗ, ಪೀಣ್ಯ

ಆ ಕಟ್ಟೇ ಸಾಕು. ಮೊದಲು ಗಿರಾಕಿ ಯಾಕೆ ಕೇಳುತ್ತಿದ್ದಾರೆ ನೋಡಿ. ಷೇರುಪೇಟೆಯ ಮೊದಲ 1000 ಕಂಪನಿಗಳು 2022–23ರಿಂದ ಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ವರದಿ ಕೊಡಲೇಬೇಕು. ಹಾಗಾಗಿ ಅವರು ತಮಗೆ ಮಾಲು ಕೊಡುವವರನ್ನೂ ಕೇಳತೊಡಗಿದ್ದಾರೆ. ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಇಂಗಾಲ ಲೆಕ್ಕದ ನಿಯಮಾವಳಿ ಜಿಎಚ್‌ಜಿ ಪ್ರೊಟೊಕಾಲ್‌ನಲ್ಲಿ ಕೆಲಸದ ಪ್ರಯಾಣಕ್ಕೆ ಸ್ಕೋಪ್ 3ರ (ಕಂಪನಿ ತಾನೇ ಉರಿಸದ, ತನ್ನ ಕೆಲಸಕ್ಕಾಗಿ ಬೇರೆಯವರ ಕಡೆ ಆಗುವ ಹೊಗೆ) 6ನೇ ವರ್ಗ. ಸಿಬ್ಬಂದಿ ದಿನಾ ಮನೆಯಿಂದ ಕೆಲಸಕ್ಕೆ ಬಂದು ಹೋಗುವುದು 7ನೇ ವರ್ಗ. ಈ ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಿಬಿಡುವುದು ಮೊದಲ ವರ್ಷ ಎಲ್ಲರೂ ಮಾಡುವ ತಪ್ಪು.

ಒಂದು ಹಾಳೆಯಲ್ಲಿ ಹೀಗೆ ಕಾಲಂ ಹಾಕಿ: ದಿನಾಂಕ, ಎಲ್ಲಿಂದ, ಎಲ್ಲಿಗೆ, ವಾಹನ, ಟಿಕೆಟ್ ದರ್ಜೆ, ಎಷ್ಟು ಜನ, ಅದೇ ದಿನ ವಾಪಸೋ ಅಲ್ಲವೋ, ಉದ್ದೇಶ. ಪ್ರತಿ ಹಾರಾಟಕ್ಕೂ ಒಂದು ಸಾಲು. ಹೋಗಿಬರುವುದು ಎರಡು ಸಾಲು. ಹುಬ್ಬಳ್ಳಿಯಿಂದ ಬೆಂಗಳೂರಿನ ಮೇಲೆ ದೆಹಲಿಗೆ ಹೋಗಿದ್ದರೆ ಅದೂ ಎರಡು ಸಾಲು, ಏಕೆಂದರೆ ವಿಮಾನ ಎರಡು ಸಲ ಮೇಲೇರಿದೆ. ರದ್ದಾದ ಟಿಕೆಟ್ ಬಿಲ್ಲಿನಲ್ಲಿ ಇರುತ್ತದೆ, ಲೆಕ್ಕದಲ್ಲಿ ಬರಬಾರದು. ಕೈಯಿಂದ ಕೊಟ್ಟು ಆಮೇಲೆ ವಸೂಲು ಮಾಡಿಕೊಂಡ ಟಿಕೆಟ್ಟು, ಕ್ಯಾಬು ಟ್ರಾವೆಲ್ ಏಜೆಂಟರ ಪಟ್ಟಿಯಲ್ಲಿ ಸಿಗುವುದಿಲ್ಲ. ಅವಕ್ಕಾಗಿ ವೋಚರುಗಳನ್ನೇ ಕೆದಕಬೇಕು.

ಇನ್ನು ತೂಕ. ಒಂದು ಕಿಲೋ ವಿಮಾನ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರ್ ಡೀಸೆಲ್‌ಗೆ 2.68, ಪೆಟ್ರೋಲ್‌ಗೆ 2.31 ಕಿಲೋ. ನಮ್ಮ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ. ಈ ನಾಲ್ಕು ಅಂಕಿ ಇದ್ದರೆ ಬಹುಪಾಲು ಲೆಕ್ಕ ಮುಗಿಯುತ್ತದೆ. ಬೆಂಗಳೂರಿನಿಂದ ದೆಹಲಿಗೆ ವಿಮಾನದ ದಾರಿ ಸುಮಾರು 1700 ಕಿ.ಮೀ. ಎ320 ನಿಯೋ ಈ ದಾರಿಗೆ ಐದೂವರೆ ಟನ್ ಆಸುಪಾಸು ಇಂಧನ ಕುಡಿಯುತ್ತದೆ, ಅಂದರೆ 17 ಟನ್ ಚಿಲ್ಲರೆ ಇಂಗಾಲದ ಡೈಆಕ್ಸೈಡ್. 186 ಸೀಟಿನಲ್ಲಿ ನೂರಕ್ಕೆ 85 ತುಂಬಿದ್ದರೆ ತಲೆಗೆ 110 ಕಿಲೋ, ಹೋಗಿಬರಲು 220. ಅಷ್ಟು ಇಂಗಾಲಕ್ಕೆ 310 ಯೂನಿಟ್ ವಿದ್ಯುತ್ ಬರುತ್ತದೆ. ಸಣ್ಣ ಸಂಸಾರವೊಂದು ಮೂರು ತಿಂಗಳು ದೀಪ, ಫ್ಯಾನು, ಫ್ರಿಜ್ಜು ನಡೆಸಬಹುದು. ಹೀಗಿರುವಾಗ ಕಾರ್ಖಾನೆಯಲ್ಲಿ ಬಲ್ಬು ಬದಲಿಸಿ ಗೋಡೆಗೆ ಪೋಸ್ಟರ್ ಅಂಟಿಸಿ, ಮಾರಾಟದವರನ್ನು ತಿಂಗಳಿಗೆ ನಾಲ್ಕು ಸಲ ದೆಹಲಿಗೆ ಕಳಿಸುವುದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಪ್ರತಿ ದಾರಿಗೂ ಹೀಗೆ ಕೈಲೆಕ್ಕ ಬೇಕಿಲ್ಲ. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒ ತನ್ನ ಜಾಲತಾಣದಲ್ಲಿ ಉಚಿತ ಲೆಕ್ಕಯಂತ್ರ ಇಟ್ಟಿದೆ. ಬ್ರಿಟನ್ ಸರ್ಕಾರವೂ ವರ್ಷವರ್ಷ ಗುಣಕಗಳನ್ನು, ಅಂದರೆ ಕಿ.ಮೀ.ಗೆ ಎಷ್ಟು ಇಂಗಾಲ ಎನ್ನುವ ಅಂಕಿಗಳನ್ನು, ಪ್ರಕಟಿಸುತ್ತದೆ. ಯಾವುದನ್ನಾದರೂ ಹಿಡಿಯಿರಿ, ಆದರೆ ನಡುವೆ ಬಿಡಬೇಡಿ. ಬ್ರಿಟನ್ ಗುಣಕಗಳಲ್ಲಿ, ವಿಮಾನದ ಬಿಳಿ ಹೊಗೆಗೆರೆ ಮತ್ತು ಇತರ ಅನಿಲಗಳಿಂದಾಗುವ ಹೆಚ್ಚುವರಿ ಬಿಸಿಯನ್ನೂ ಸೇರಿಸಿದ ಪಟ್ಟಿ ಬೇರೆ ಇದೆ. ಅದರಲ್ಲಿ ಅಂಕಿ 1.7 ಪಟ್ಟು. ಒಂದು ವರ್ಷ ಆ ಪಟ್ಟಿ, ಮರುವರ್ಷ ಐಸಿಎಒ ಬಳಸಿದರೆ ಒಂದೇ ಒಂದು ಪ್ರಯಾಣ ಕಡಿಮೆಯಾಗದೆ 'ನಲವತ್ತು ಶೇಕಡಾ ಇಳಿಕೆ' ಕಾಣಿಸುತ್ತದೆ. ಲೆಕ್ಕ ಪರಿಶೋಧಕರು ಮೊದಲು ಕೈ ಹಾಕುವುದೂ ಅಲ್ಲಿಗೇ. ಯಾವ ವರ್ಷದ, ಯಾವ ಪಟ್ಟಿ ಎಂದು ಹಾಳೆಯ ತಲೆಯಲ್ಲೇ ಬರೆದಿಡಿ.

ಎಲ್ಲಕ್ಕಿಂತ ಬೆಲೆಯುಳ್ಳ ಕಾಲಂ 'ಉದ್ದೇಶ'. ಮಾರಾಟ, ದುರಸ್ತಿ, ಪರಿಶೀಲನೆ, ತರಬೇತಿ, ಸಮ್ಮೇಳನ, ನಮ್ಮ ನಮ್ಮಲ್ಲೇ ಮೀಟಿಂಗ್ ಎಂದು ವಿಂಗಡಿಸಿ ಕೂಡಿ. ಕೊನೆಯದರ ಮೊತ್ತ ನೋಡಿದ ಮೇಲೆ ಎಲ್ಲಿ ಕತ್ತರಿ ಹಾಕಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ವಿಮಾನ ಹೇಗಿದ್ದರೂ ಹಾರುತ್ತದೆ. ನಾನು ಕೂರದಿದ್ದರೆ ಸೀಟು ಖಾಲಿ ಹೋಗುತ್ತದೆ, ಅಷ್ಟೇ ಅಲ್ಲವೇ?
— ಓದುಗರು, ದಾವಣಗೆರೆ

ಆ ಒಂದು ದಿನಕ್ಕೆ ನಿಮ್ಮ ಮಾತು ಸರಿ. ಆದರೆ ಮುಂದಿನ ವೇಳಾಪಟ್ಟಿಯಲ್ಲಿ ದಿನಕ್ಕೆ ಎಂಟು ಹಾರಾಟವೋ ಏಳೋ ಎಂದು ವಿಮಾನ ಕಂಪನಿ ನಿರ್ಧರಿಸುವುದು ಸೀಟು ತುಂಬಿದ್ದನ್ನು ನೋಡಿಯೇ. ಬೆಳಿಗ್ಗೆ ಆರರ, ರಾತ್ರಿ ಒಂಬತ್ತರ ವಿಮಾನಗಳು ಇರುವುದೇ ಕಚೇರಿ ಟೂರಿನವರಿಗಾಗಿ. ಕೊನೆಯ ಗಳಿಗೆಯಲ್ಲಿ ದುಬಾರಿ ಟಿಕೆಟ್ ಕೊಳ್ಳುವವರೂ ಅವರೇ.

ಎಲೆಕ್ಟ್ರಾನಿಕ್ ಸಿಟಿಯಿಂದ ಚೆನ್ನೈಗೆ ತಿಂಗಳಿಗೆ ಎರಡು ಸಲ ಹೋಗುತ್ತೇವೆ. ರೈಲು ನಿಧಾನ ಎಂದು ನಮ್ಮ ಮ್ಯಾನೇಜರು ವಿಮಾನಕ್ಕೇ ಬರೆಯುತ್ತಾರೆ. ನಿಜವಾಗಿ ಎಷ್ಟು ವ್ಯತ್ಯಾಸ?
— ಸಾಫ್ಟ್‌ವೇರ್ ಸಂಸ್ಥೆಯ ಟ್ರಾವೆಲ್ ಡೆಸ್ಕ್

ಮನೆ ಬಾಗಿಲಿನಿಂದ ಬಾಗಿಲಿಗೆ ಎಣಿಸಿ. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಊರಿನ ಆ ತುದಿ, ಸುಮಾರು 55 ಕಿ.ಮೀ. ಟ್ರಾಫಿಕ್ ಕೃಪೆಯಿದ್ದರೆ ಒಂದೂವರೆ ಗಂಟೆ, ಇಲ್ಲದಿದ್ದರೆ ಎರಡು. ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದು ಗಂಟೆ. ಇಳಿದು ಹೊರಬಂದು ಚೆನ್ನೈ ನಗರ ಸೇರಲು ಇನ್ನೊಂದು, ಒಂದೂಕಾಲು ಗಂಟೆ. ಐದರಿಂದ ಐದೂಮುಕ್ಕಾಲು ಗಂಟೆ ಆಯಿತು. ವಂದೇ ಭಾರತ್ ರೈಲು ಬೆಂಗಳೂರು–ಚೆನ್ನೈ ನಡುವಿನ 360 ಕಿ.ಮೀ. ಓಡಲು ತೆಗೆದುಕೊಳ್ಳುವುದು ಸುಮಾರು ನಾಲ್ಕೂವರೆ ಗಂಟೆ, ಇಳಿಯುವುದು ಊರಿನ ನಡುವಿನ ಸೆಂಟ್ರಲ್‌ನಲ್ಲಿ. ನಿಲ್ದಾಣಕ್ಕೆ ಹೋಗಲು ಈಗ ಹಳದಿ ಮೆಟ್ರೊದಲ್ಲಿ ಆರ್.ವಿ. ರಸ್ತೆ, ಅಲ್ಲಿ ಇಳಿದು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್. ಒಟ್ಟಿನಲ್ಲಿ ರೈಲಿನವರು ಅರ್ಧ ಗಂಟೆ ತಡವಾಗಬಹುದು. ಆದರೆ ನಾಲ್ಕು ಗಂಟೆ ಒಂದೇ ಕಡೆ ಕೂತು ಲ್ಯಾಪ್‌ಟಾಪ್ ತೆರೆಯಬಹುದು. ವಿಮಾನದವರ ಸಮಯವೆಲ್ಲ ಸಾಲಿನಲ್ಲಿ ನಿಂತು, ಬೆಲ್ಟ್ ಬಿಚ್ಚಿ, ಬ್ಯಾಗ್ ಎತ್ತಿ ಇಳಿಸಿ ತುಂಡು ತುಂಡಾಗಿ ಹೋಗುತ್ತದೆ.

ಇಂಗಾಲದ ಲೆಕ್ಕ ಇನ್ನೂ ಸ್ವಾರಸ್ಯ. ಇಷ್ಟು ಹತ್ತಿರದ ಹಾರಾಟದಲ್ಲಿ ಇಂಧನದ ದೊಡ್ಡ ಪಾಲು ಮೇಲೇರುವುದಕ್ಕೇ ಖರ್ಚು. ಸಮತಟ್ಟಾಗಿ ಹಾರುವ ಹೊತ್ತು ಕಡಿಮೆ. ಓಡುದಾರಿಯ ಸರದಿ ಕಾಯುತ್ತ ನೆಲದ ಮೇಲೆ ತೆವಳುವಾಗಲೂ ನಿಮಿಷಕ್ಕೆ ಹತ್ತು ಕಿಲೋ ಇಂಧನ ಹೋಗುತ್ತಿರುತ್ತದೆ. ತಲೆಗೆ ಸುಮಾರು 40 ಕಿಲೋ ಬೀಳುತ್ತದೆ. ಅದಕ್ಕೆ ಒಬ್ಬರೇ ಕೂತ ಡೀಸೆಲ್ ಕ್ಯಾಬ್ ಸೇರಿಸಿ: 55 ಕಿ.ಮೀ.ಗೆ 3.7 ಲೀಟರ್, 10 ಕಿಲೋ. ಕ್ಯಾಬ್ ಖಾಲಿ ವಾಪಸಾದರೆ 20. ಮೂಗಿಗಿಂತ ಮೂಗುತಿ ಭಾರ ಎನ್ನುವಷ್ಟಲ್ಲ, ಆದರೂ ವಿಮಾನದ ಪಾಲಿನ ಅರ್ಧ!

ನಮ್ಮ ವಿದ್ಯುತ್ ರೈಲುಗಳಿಗೆ ಬಳಸುವ ಸರಾಸರಿ ಅಂಕಿ, ಒಬ್ಬರಿಗೆ ಕಿ.ಮೀ.ಗೆ ಸುಮಾರು 8 ಗ್ರಾಂ. ಅದರಲ್ಲಿ ಕಿಕ್ಕಿರಿದ ಸಾಮಾನ್ಯ ಬೋಗಿಗಳೂ ಸೇರಿವೆ. ಎಸಿ ಚೇರ್‌ಕಾರ್‌ನಲ್ಲಿ ಜಾಗ ಹೆಚ್ಚು, ಜನ ಕಡಿಮೆ, ವೇಗವೂ ಹೆಚ್ಚು. ಆದ್ದರಿಂದ ಎಚ್ಚರಿಕೆಗೆ ಮೂರು ಪಟ್ಟು ಹಿಡಿಯಿರಿ. ಆಗಲೂ ಚೆನ್ನೈಗೆ 9 ಕಿಲೋ ದಾಟುವುದಿಲ್ಲ.

ನಿಮ್ಮ ಮ್ಯಾನೇಜರ ನಿಜವಾದ ತೊಂದರೆ ವೇಗ ಇರಲಾರದು. ಮೂರು ದಿನ ಮೊದಲು ಮೀಟಿಂಗ್ ಗೊತ್ತಾಗುತ್ತದೆ, ರೈಲಿನಲ್ಲಿ ವೇಟಿಂಗ್ ಲಿಸ್ಟ್ ಇರುತ್ತದೆ. ಈಗ ಬುಕಿಂಗ್ ತೆರೆಯುವುದು 60 ದಿನ ಮೊದಲು. ತಿಂಗಳ ಎರಡನೆಯ, ನಾಲ್ಕನೆಯ ಮಂಗಳವಾರ ಚೆನ್ನೈ ಎಂದು ಗೊತ್ತು ಮಾಡಿ, ತೆರೆದ ದಿನವೇ ಕಾದಿರಿಸಿ. ತಪ್ಪಿಹೋದರೆ ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಎಸಿ ತತ್ಕಾಲ್.

ಬೆಂಗಳೂರು–ಹುಬ್ಬಳ್ಳಿಗೆ ವಿಮಾನ ಬಿಟ್ಟು ಕಾರಿನಲ್ಲಿ ಹೋಗಿಬರುತ್ತಿದ್ದೇನೆ. ಪರಿಸರಕ್ಕೆ ಒಳ್ಳೆಯದೇ ತಾನೇ?
— ಔಷಧ ಮಾರಾಟ ಪ್ರತಿನಿಧಿ

ಒಬ್ಬರೇ ಹೋಗುವುದಾದರೆ, ಬೇಸರ ಮಾಡಿಕೊಳ್ಳಬೇಡಿ, ಇಲ್ಲ. 410 ಕಿ.ಮೀ.ಗೆ ಲೀಟರಿಗೆ 15ರಂತೆ 27 ಲೀಟರ್ ಡೀಸೆಲ್, 73 ಕಿಲೋ. ರೆಕ್ಕೆಗೆ ಪಂಖದ ಎಂಜಿನ್ ಇರುವ ಎಟಿಆರ್ ವಿಮಾನ ಮುಕ್ಕಾಲು ತುಂಬಿ ಹೋದರೆ ಈ ದೂರಕ್ಕೆ ತಲೆಗೆ 35 ಕಿಲೋ ಆಸುಪಾಸು. ಕಾರಿನಲ್ಲಿ ನಾಲ್ವರಾದರೆ ತಲೆಗೆ 18, ಆಗ ನೀವು ಗೆದ್ದಿರಿ. ತುಂಬಿದ ಬಸ್ಸಿನಲ್ಲಿ 7ರಿಂದ 10. ರೈಲಿಗೆ ಎಚ್ಚರಿಕೆಯ ಲೆಕ್ಕದಲ್ಲೂ 11. ರಾಣಿ ಚೆನ್ನಮ್ಮದಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಇಳಿದರೆ ಲಾಡ್ಜಿನ ಒಂದು ರಾತ್ರಿಯೂ ಉಳಿಯಿತು. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಊರೂರು ಸುತ್ತಬೇಕಿದ್ದರೆ ಅಲ್ಲೇ ಗಾಡಿ ಬಾಡಿಗೆಗೆ ಹಿಡಿಯಿರಿ. 820 ಕಿ.ಮೀ. ನಿಮ್ಮ ಕಾರನ್ನು ಎಳೆದೊಯ್ದು ತರುವುದಕ್ಕಿಂತ ಅದೇ ಹಗುರ.

ವಿಡಿಯೋ ಮೀಟಿಂಗಿಗೂ ಸರ್ವರು, ಡೇಟಾ ಸೆಂಟರು ಎಂದು ವಿದ್ಯುತ್ ಬೇಕು. ಎರಡೂ ಅಷ್ಟಕ್ಕಷ್ಟೇ ಎನ್ನುತ್ತಾರಲ್ಲ?
— ಕಾಲೇಜು ಉಪನ್ಯಾಸಕರು, ತುಮಕೂರು

ಎನ್ನುವವರು ಗುಣಿಸಿ ನೋಡಿಲ್ಲ. 40 ವಾಟ್‌ನ ಲ್ಯಾಪ್‌ಟಾಪ್ ಒಂದು ಗಂಟೆಗೆ 28 ಗ್ರಾಂ. ಮೀಟಿಂಗ್ ಕೋಣೆಯಲ್ಲಿ ದೊಡ್ಡ ಟಿವಿ, ಕ್ಯಾಮೆರಾ, ಕಂಪ್ಯೂಟರ್ ಸೇರಿ ಕಾಲು ಕಿಲೋವಾಟ್, ಒಂದೂವರೆ ಟನ್ನಿನ ಎಸಿ ಸುಮಾರು ಒಂದೂವರೆ ಕಿಲೋವಾಟ್. ಎರಡು ಗಂಟೆಗೆ ಮೂರೂವರೆ ಯೂನಿಟ್, ಎರಡೂವರೆ ಕಿಲೋ. ಅದರಲ್ಲೂ ಹೆಚ್ಚಿನದು ಎಸಿಯದು, ವಿಡಿಯೋದ್ದಲ್ಲ. ನೆಟ್‌ವರ್ಕ್, ಸರ್ವರಿನ ಪಾಲನ್ನು ಇಷ್ಟೇ ಮತ್ತೆ ಸೇರಿಸಿದರೂ 5 ಕಿಲೋ. ಎದುರಿಗೆ ದೆಹಲಿಯ 220 ಕಿಲೋ ಇದೆ.

ನಮ್ಮಲ್ಲಿ ವಿಡಿಯೋ ಮೀಟಿಂಗ್ ಎಂದರೆ 'ಹಲೋ, ಕೇಳಿಸ್ತಿದೆಯಾ?' ಎನ್ನುವುದರಲ್ಲೇ ಅರ್ಧ ಗಂಟೆ. ಕೊನೆಗೆ 'ಒಂದ್ಸಲ ಬಂದುಬಿಡಿ' ಎನ್ನುತ್ತಾರೆ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ?
— ಆಡಳಿತ ವಿಭಾಗ, ಹಾಸನ

ಕ್ಯಾಮೆರಾಕ್ಕೆ ಕೊಡುವ ದುಡ್ಡನ್ನು ಮೈಕಿಗೆ ಹಾಕಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಮಸುಕಾದರೆ ವಿಮಾನದ ಟಿಕೆಟ್ ತೆಗೆಸುತ್ತಾರೆ. ಕೆಡುವುದು ಬಹುತೇಕ ನಾಲ್ಕೈದು ಕಾರಣಕ್ಕೆ.

ಲ್ಯಾಪ್‌ಟಾಪಿನ ಮೈಕು ಒಂದು ತೋಳಿನ ದೂರಕ್ಕೆ ಮಾಡಿದ್ದು. ಮೇಜಿನ ಆ ತುದಿಯವರು ಮಾತಾಡಿದರೆ ಅವರ ದನಿಗಿಂತ ಗೋಡೆಗೆ ಬಡಿದು ಬಂದ ಪ್ರತಿಧ್ವನಿಯೇ ಅದಕ್ಕೆ ಹೆಚ್ಚು ಸಿಗುತ್ತದೆ. ಬಾವಿಯೊಳಗಿಂದ ಕೂಗಿದಂತೆ ಕೇಳುವುದು ಅದಕ್ಕೇ. ಆರೆಂಟು ಜನರ ಮೇಜಿಗೆ ನಡುವೆ ಒಂದು ಯುಎಸ್‌ಬಿ ಸ್ಪೀಕರ್‌ಫೋನ್ ಇಡಿ. ಎರಡು ಮೀಟರ್‌ವರೆಗೆ ಅದು ಚೆನ್ನಾಗಿ ಹಿಡಿಯುತ್ತದೆ. ಮೇಜು ಅದಕ್ಕಿಂತ ಉದ್ದವಿದ್ದರೆ ಜೋಡಿಸಬಹುದಾದ ಎರಡನೆಯದು ಬೇಕು.

ಒಂದೇ ಕೋಣೆಯಲ್ಲಿ ಮೂವರು ತಮ್ಮ ತಮ್ಮ ಲ್ಯಾಪ್‌ಟಾಪಿನಿಂದ ಸೇರಿಕೊಂಡರೆ ಕುಯ್ಯೋ ಎನ್ನುವುದು ಗ್ಯಾರಂಟಿ. ಪ್ರತಿ ಯಂತ್ರವೂ ತನ್ನ ಸ್ಪೀಕರಿನ ಸದ್ದನ್ನು ತನ್ನ ಮೈಕಿನಿಂದ ಕಳೆಯಬಲ್ಲದು. ಪಕ್ಕದ ಯಂತ್ರದ ಸ್ಪೀಕರಿನಿಂದ ಏನು ಬರುತ್ತಿದೆ ಎಂದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಕೋಣೆಗೆ ಒಂದೇ ಮೈಕು, ಒಂದೇ ಸ್ಪೀಕರು. ಉಳಿದವರು ಮೈಕ್ ಮಾತ್ರವಲ್ಲ, ಸ್ಪೀಕರನ್ನೂ ಮುಚ್ಚಬೇಕು. ಈ ಎರಡನೆಯದನ್ನು ಮರೆಯುವವರೇ ಹೆಚ್ಚು.

ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು 'ಟಣ್' ಎಂದು ಎಳೆದರೆ ಗಾಜು, ಗ್ರಾನೈಟು ಹೆಚ್ಚಾಗಿದೆ. ಒಂದು ಗೋಡೆಗೆ ದಪ್ಪ ಬಟ್ಟೆಯ ಪರದೆ, ಮೇಜಿನ ಕೆಳಗೆ ಒಂದು ಜಮಖಾನೆ ಹಾಕಿದರೆ ಸಾಕು, ಸ್ಟುಡಿಯೋ ಮಾಡಬೇಕಿಲ್ಲ. ತಲೆಯ ಮೇಲಿನ ಫ್ಯಾನನ್ನು ಎರಡಕ್ಕೆ ಇಳಿಸಿ. ಸದ್ದು ತೆಗೆಯುವ ತಂತ್ರಾಂಶ ಫ್ಯಾನಿನ ಗಾಳಿಯ ಜೊತೆಗೆ ಮಾತಿನ ಕೊನೆಯ ಅಕ್ಷರಗಳನ್ನೂ ನುಂಗುತ್ತದೆ. ಕನ್ನಡದಲ್ಲಿ ಅದು ದೊಡ್ಡ ನಷ್ಟ. ಮಾಡಿದರೋ ಮಾಡಲಿಲ್ಲವೋ ಎನ್ನುವುದು ನಮ್ಮಲ್ಲಿ ಇರುವುದೇ ಕೊನೆಯಲ್ಲಿ!

ಇಂಟರ್ನೆಟ್ಟಿನಲ್ಲಿ ಡೌನ್‌ಲೋಡ್ ವೇಗ ನೋಡಿ ಸಮಾಧಾನಪಡಬೇಡಿ. ನೀವು ಒಡೆದೊಡೆದು ಕಾಣುವುದು ಅಪ್‌ಲೋಡ್ ಕಡಿಮೆಯಾದಾಗ. ಒಂದು ಕೋಣೆಗೆ 4 ಎಂಬಿಪಿಎಸ್ ಅಪ್‌ಲೋಡ್ ನಿರಾತಂಕವಾಗಿ ಸಿಗಬೇಕು. ವೈ-ಫೈ ಬಿಟ್ಟು ಕೇಬಲ್ ಚುಚ್ಚಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯುತ್ತದೆ, ಮೂಲೆಯಲ್ಲಿರುವ ರೌಟರು ಸಾಯುತ್ತದೆ. ಫೈಬರ್ ಪೆಟ್ಟಿಗೆ, ರೌಟರು ಎರಡಕ್ಕೂ 12 ವೋಲ್ಟಿನ ಸಣ್ಣ ಯುಪಿಎಸ್ ಕೂರಿಸಿ. ಒಂದಕ್ಕೆ ಮಾತ್ರ ಹಾಕಿದರೆ ಹಾಕಿದಂತೆಯೇ ಅಲ್ಲ.

ದನಿ ಆ ತುದಿ ಮುಟ್ಟಲು 150 ಮಿಲಿಸೆಕೆಂಡ್ ದಾಟಿತೆಂದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ಇಬ್ಬರೂ 'ನೀವು ಹೇಳಿ' ಎಂದು ನಿಲ್ಲುವುದು ಶುರುವಾಗುತ್ತದೆ. ಇದಕ್ಕೆ ಯಂತ್ರದ ಮದ್ದಿಲ್ಲ. ಮೀಟಿಂಗ್ ನಡೆಸುವವರು ಹೆಸರು ಹಿಡಿದು ಕರೆಯಬೇಕು. ಕಾಗದಪತ್ರ ಹಿಂದಿನ ದಿನವೇ ಎಲ್ಲರ ಕೈಲಿರಲಿ. ತೀರ್ಮಾನಗಳನ್ನು ಎಲ್ಲರಿಗೂ ಕಾಣುವಂತೆ ತೆರೆಯ ಮೇಲೇ ಬರೆಯಿರಿ. 'ಒಂದ್ಸಲ ಬಂದುಬಿಡಿ' ಎನ್ನುವ ಮಾತು ಹುಟ್ಟುವುದು ಬಹುತೇಕ, ಕಳೆದ ಸಲ ಏನು ನಿರ್ಧಾರವಾಯಿತೆಂದು ಎರಡೂ ಕಡೆ ಬೇರೆ ಬೇರೆ ನೆನಪಿದ್ದಾಗ.

ನಾವು ಹೈಡ್ರಾಲಿಕ್ ಪವರ್ ಪ್ಯಾಕ್ ಮಾಡುತ್ತೇವೆ. ಗಿರಾಕಿಯ ಇನ್‌ಸ್ಪೆಕ್ಟರುಗಳು ಪ್ರತಿ ಲಾಟಿಗೂ ಬಂದು ಹೋಗುತ್ತಾರೆ. ಫೋನಿನಲ್ಲೇ ತೋರಿಸಿ ಮುಗಿಸಬಹುದೇ?
— ಉತ್ಪಾದನಾ ವಿಭಾಗ, ಬೆಳಗಾವಿ

ಎರಡನೇ ಲಾಟಿನಿಂದ ಬಹಳಷ್ಟನ್ನು ಮುಗಿಸಬಹುದು. ಮೊದಲ ಲಾಟಿಗೆ ಅವರು ಬರಲಿ. ಗುಣಮಟ್ಟದಂಥ ನಿರ್ವಹಣಾ ವ್ಯವಸ್ಥೆಗಳ ಆಡಿಟ್ಟಿನ ಮಾರ್ಗಸೂಚಿ ಐಎಸ್‌ಒ 19011, ತನ್ನ 2018ರ ಆವೃತ್ತಿಯಲ್ಲೇ ದೂರದಿಂದ ಆಡಿಟ್ ಮಾಡುವುದನ್ನು ಒಪ್ಪಿದೆ. ಹಾಗಾಗಿ ಇದು ಹೊಸ ಸಾಹಸವೇನೂ ಅಲ್ಲ.

ಎರಡು ಫೋನ್ ಬೇಕು. ಒಂದು ಟ್ರೈಪಾಡಿನ ಮೇಲೆ, ಒತ್ತಡದ ಗೇಜಿಗೆ ಗುರಿಯಿಟ್ಟು ಅಲುಗದಂತೆ. ಅದೇ ಚೌಕಟ್ಟಿನಲ್ಲಿ ಓಡುವ ಸ್ಟಾಪ್‌ವಾಚ್ ಕಾಣಬೇಕು. ಇನ್ನೊಂದು ಕೈಯಲ್ಲಿ, ತಿರುಗಾಡಲು. ಹದಿನೈದು ನಿಮಿಷ ಒತ್ತಡ ಹಿಡಿದಿಡುವ ಪರೀಕ್ಷೆಯಲ್ಲಿ ಮೊದಲ ಫೋನು ಒಂದು ಕ್ಷಣವೂ ಕಣ್ಣು ಮಿಟುಕಿಸಬಾರದು. ಎರಡನೆಯದು ಆ ಹೊತ್ತಿನಲ್ಲಿ ಕೀಲುಗಳಲ್ಲಿ ಎಣ್ಣೆ ಒಸರುತ್ತಿದೆಯೇ ಎಂದು ಬಿಳಿ ಟಿಶ್ಯೂ ಒತ್ತಿ ತೋರಿಸಲಿ. ಕರೆ ಕಡಿದರೆ ಗಡಿಯಾರ ಸೊನ್ನೆಗೆ, ಪರೀಕ್ಷೆ ಮೊದಲಿನಿಂದ. ಇದನ್ನು ಮೊದಲೇ ಲಿಖಿತವಾಗಿ ಒಪ್ಪಿಕೊಂಡಿದ್ದರೆ ಆಮೇಲೆ ಜಗಳವಿಲ್ಲ.

ತೋರಿಸುವ ಕ್ರಮಕ್ಕೆ ಬೆಲೆ ಇದೆ. ಮೊದಲು ಯಂತ್ರದ ನಾಮಫಲಕ, ಅಲ್ಲಿಂದ ಕಟ್ ಇಲ್ಲದೆ ಗೇಜಿನ ಕ್ರಮಸಂಖ್ಯೆ, ಅಲ್ಲಿಂದ ಅದರ ಕ್ಯಾಲಿಬ್ರೇಷನ್ ಪತ್ರ. ಮೈಕ್ರೋಮೀಟರಿನಿಂದ ಅಳೆಯುವುದಿದ್ದರೆ ಮೊದಲು ಸ್ಲಿಪ್ ಗೇಜಿನ (ಅಳತೆ ನಿಖರವಾಗಿ ಗೊತ್ತಿರುವ ಉಕ್ಕಿನ ತುಂಡು) ಮೇಲೆ ಅದನ್ನು ಇಟ್ಟು ತೋರಿಸಿ. ಮಾದರಿ ಆರಿಸುವುದು ಇನ್‌ಸ್ಪೆಕ್ಟರು, ಅದೂ ಆಗಿಂದಾಗ: 'ಎಡದಿಂದ ಏಳನೆಯದು ಎತ್ತಿ'. ನೀವೇ ಆರಿಸಿ ಇಟ್ಟದ್ದನ್ನು ತೋರಿಸಿದರೆ ಮುಂದಿನ ಸಲ ಅವರು ರೈಲು ಹತ್ತಿ ಬಂದೇ ಬರುತ್ತಾರೆ.

ಕೆಡುವ ಜಾಗಗಳು ಇವು. ಗೇಜಿನ ಗಾಜಿಗೆ ಬೆಳಕು ಬಡಿದು ಮುಳ್ಳು ಕಾಣುವುದಿಲ್ಲ. ಫೋನಿನ ಟಾರ್ಚ್ ಆರಿಸಿ, ಕ್ಯಾಮೆರಾವನ್ನು ತುಸು ಓರೆಯಾಗಿಸಿ. ತೀರಾ ಓರೆಯಾದರೆ ಮುಳ್ಳಿನ ಓದು ತಪ್ಪುತ್ತದೆ. ಫೋಕಸ್ ತಾನೇ ಹುಡುಕಾಡುತ್ತಿದ್ದರೆ ತೆರೆಯ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ. ಶೆಡ್ಡಿನ ದೀಪದಲ್ಲಿ ಪಟ್ಟೆಪಟ್ಟೆ ಓಡಿದರೆ ಷಟರ್ ವೇಗ 1/50 ಅಥವಾ 1/100ಕ್ಕೆ ಕೂರಿಸಿ, ನಮ್ಮ ಕರೆಂಟು 50 ಹರ್ಟ್ಸ್. ತಗಡಿನ ಛಾವಣಿಯ ಕೆಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ಕಚೇರಿಯಿಂದ ಕ್ಯಾಟ್-6 ಕೇಬಲ್ ಎಳೆದು, 100 ಮೀಟರ್ ಮೀರದಂತೆ, ಪರೀಕ್ಷಾ ಬೆಂಚಿನ ಹತ್ತಿರ ಒಂದು ಆಕ್ಸೆಸ್ ಪಾಯಿಂಟ್ ಹಾಕಿ. ಪಂಪ್ ಓಡುವಾಗ ಮಾತು ಕೇಳುವುದಿಲ್ಲ, ಆ ಹೊತ್ತಿಗೆ ಒಂದು ಸ್ಲೇಟು, ಒಂದು ಬಳಪ.

ಪೇಂಟಿನ ಬಣ್ಣದ ಛಾಯೆ, ಕೈಯಾಡಿಸಿ ನೋಡುವ ಮೇಲ್ಮೈ ನಯ, ಬೇರಿಂಗಿನ ಅದುರು ಇವನ್ನು ಫೋನಿನಲ್ಲಿ ತೀರ್ಮಾನಿಸಬೇಡಿ. ಫೋನು ಬಣ್ಣವನ್ನು ತನಗೆ ತೋಚಿದಂತೆ ತಿದ್ದುತ್ತದೆ. ಬಣ್ಣಕ್ಕೆ ಒಪ್ಪಿದ ಮಾದರಿ ತಗಡೊಂದು ಎರಡೂ ಕಡೆ ಇರಲಿ, ಅದುರಿಗೆ ಮೀಟರಿನ ಅಂಕಿ ಕೊಡಿ. ಅದಕ್ಕೂ ಒಪ್ಪದಿದ್ದರೆ ಬೆಳಗಾವಿಯಲ್ಲೇ ಇರುವ ಮೂರನೇ ಪಕ್ಷದ ಇನ್‌ಸ್ಪೆಕ್ಷನ್ ಏಜೆನ್ಸಿಯವರು ಸ್ಕೂಟರಿನಲ್ಲಿ ಬಂದು ನೋಡುತ್ತಾರೆ.

ಆನ್‌ಸೈಟ್ ಎಂದು ವರ್ಷಕ್ಕೆ ಮೂರು ಸಲ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗುತ್ತೇನೆ. ಬಿಸಿನೆಸ್ ಕ್ಲಾಸಿಗೆ ಇಂಗಾಲ ಹೆಚ್ಚು ಎನ್ನುವುದು ಯಾವ ನ್ಯಾಯ? ವಿಮಾನ ಒಂದೇ ಅಲ್ಲವೇ?
— ಐಟಿ ಉದ್ಯೋಗಿ, ಬೆಂಗಳೂರು

ವಿಮಾನ ಒಂದೇ, ಆದರೆ ನೀವು ಕಾಲು ಚಾಚಿದ ಜಾಗದಲ್ಲಿ ಮೂವರು ಕೂರಬಹುದಿತ್ತು. ಬ್ರಿಟನ್ ಗುಣಕಗಳಲ್ಲಿ ದೂರದ ಹಾರಾಟಕ್ಕೆ ಬಿಸಿನೆಸ್ ದರ್ಜೆ ಎಕಾನಮಿಯ ಸುಮಾರು 3 ಪಟ್ಟು, ಫಸ್ಟ್ 4 ಪಟ್ಟು. ಬೆಂಗಳೂರಿನಿಂದ ಅಲ್ಲಿಗೆ ನೇರ ದಾರಿಯೇ 14,000 ಕಿ.ಮೀ. ಎಕಾನಮಿಯಲ್ಲಿ ಒಂದು ಕಡೆಗೆ ಒಂದು ಟನ್ ಆಸುಪಾಸು, ಹೋಗಿಬಂದರೆ ಎರಡು. ನಮ್ಮ ದೇಶದಲ್ಲಿ ತಲೆಗೆ ಇಡೀ ವರ್ಷದ ಇಂಗಾಲದ ಡೈಆಕ್ಸೈಡ್ ಸುಮಾರು ಎರಡು ಟನ್. ಬಿಸಿನೆಸ್ ಕ್ಲಾಸಿನಲ್ಲಿ ಮೂರು ಸಲ ಹೋದರೆ ಒಂಬತ್ತು ಜನರ ವರ್ಷದ ಪಾಲು.

ಮೂರು ಸಲದ ಬದಲು ವರ್ಷಕ್ಕೊಮ್ಮೆ, ಐದು ವಾರ ಇದ್ದು ಬರುವಂತೆ ಕೇಳಿ ನೋಡಿ. ಜೆಟ್‌ಲ್ಯಾಗ್ ಕಳೆಯುವಷ್ಟರಲ್ಲಿ ವಾಪಸು ಹೊರಡುವ ಒಂದು ವಾರದ ಪ್ರವಾಸಗಳಿಗಿಂತ ಕೆಲಸವೂ ಹೆಚ್ಚು ಆಗುತ್ತದೆ. ವೀಸಾದ ಬಗೆ ಆ ಅವಧಿಯ ಕೆಲಸಕ್ಕೆ ಹೊಂದುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಗಿಡ ನೆಟ್ಟರೆ ಸರಿದೂಗುವುದಿಲ್ಲವೇ? ನಮ್ಮ ಸಂಸ್ಥೆ ಪ್ರತಿ ಪ್ರಯಾಣಕ್ಕೂ ಕಾರ್ಬನ್ ಕ್ರೆಡಿಟ್ (ಬೇರೆಡೆ ಉಳಿಸಿದ ಇಂಗಾಲದ ಪತ್ರ) ಕೊಳ್ಳುತ್ತದೆ.
— ಓದುಗರು, ಶಿವಮೊಗ್ಗ

ಗಿಡ ನೆಡಿ, ಆದರೆ ಟಿಕೆಟ್ಟಿನ ಜೊತೆ ಅದಕ್ಕೆ ಗಂಟು ಹಾಕಬೇಡಿ. ಹೊಗೆ ಇವತ್ತೇ ಮೇಲೆ ಹೋಗಿದೆ. ಗಿಡ ಅದನ್ನು ಹೀರಲು ದಶಕಗಳು ಬೇಕು, ಅಷ್ಟರಲ್ಲಿ ಬೆಂಕಿಯೋ ಬರವೋ ರಸ್ತೆ ಅಗಲೀಕರಣವೋ ಬರುತ್ತದೆ. ಕ್ರೆಡಿಟ್ ಕೊಳ್ಳಲೇಬೇಕಾದರೆ ಮಾರುವವರನ್ನು ಮೂರು ಕೇಳಿ: ಯಾವ ನೋಂದಣಿಯಲ್ಲಿದೆ, ಯಾವ ವರ್ಷದ್ದು, ನಮ್ಮ ಹೆಸರಿನಲ್ಲಿ ರದ್ದುಪಡಿಸಿದ ಕ್ರಮಸಂಖ್ಯೆ ಎಲ್ಲಿ? ಮೂರನೆಯದಕ್ಕೆ ಉತ್ತರ ಬರದಿದ್ದರೆ ಅದೇ ಕ್ರೆಡಿಟ್ ಇನ್ನೊಬ್ಬರಿಗೂ ಮಾರಾಟವಾಗಬಹುದು. ಕೊಂಡದ್ದನ್ನು ಪ್ರಯಾಣದ ಲೆಕ್ಕದಿಂದ ಕಳೆಯದೆ ಬೇರೆ ಸಾಲಿನಲ್ಲಿ ತೋರಿಸಿ.

ಜೈವಿಕ ವಿಮಾನ ಇಂಧನವನ್ನು ಕಾಯುತ್ತೇವೆ ಎನ್ನುವವರಿಗೂ ಒಂದು ಮಾತು. ಭಾರತ ಇಟ್ಟುಕೊಂಡಿರುವ ಗುರಿ ಅಂತರರಾಷ್ಟ್ರೀಯ ಹಾರಾಟಗಳಲ್ಲಿ 2027ಕ್ಕೆ 1%, 2028ಕ್ಕೆ 2%, 2030ಕ್ಕೆ 5% ಬೆರಕೆ. ಗುರಿ ಮುಟ್ಟಿದರೂ ಉಳಿದ 95 ಭಾಗ ಹಳೆಯದೇ.

ನಿರ್ದೇಶಕರ ಮಂಡಳಿಯ ಸಭೆಗೆ ದುಬೈಯಿಂದ, ಮುಂಬೈಯಿಂದ ಹಾರಿ ಬರುತ್ತಾರೆ. ವಿಡಿಯೋದಲ್ಲಿ ಮಾಡಿದರೆ ಕಾನೂನಿನಲ್ಲಿ ನಿಲ್ಲುತ್ತದೆಯೇ?
— ಕಂಪನಿ ಕಾರ್ಯದರ್ಶಿ, ಮಂಗಳೂರು

ನಿಲ್ಲುತ್ತದೆ. ಕಂಪನಿ ಕಾಯ್ದೆ 2013ರ ಕಲಂ 173(2) ವಿಡಿಯೋ ಹಾಜರಿಯನ್ನು ಒಪ್ಪುತ್ತದೆ, ಕೋರಂಗೂ ಅದು ಲೆಕ್ಕಕ್ಕೆ ಬರುತ್ತದೆ. ವಾರ್ಷಿಕ ಲೆಕ್ಕಪತ್ರ, ಮಂಡಳಿ ವರದಿ, ವಿಲೀನದಂಥ ವಿಷಯಗಳನ್ನು ಎದುರುಬದುರೇ ಅನುಮೋದಿಸಬೇಕೆನ್ನುವ 4ನೇ ನಿಯಮ ಇತ್ತು. ಅದನ್ನು 2021ರ ಜೂನ್‌ನಲ್ಲಿ ತೆಗೆದುಹಾಕಿದ್ದಾರೆ. ಹಳೆಯ ನಮೂನೆ ನೋಡಿಕೊಂಡು ಇನ್ನೂ ಟಿಕೆಟ್ ತೆಗೆಸುವ ಕಂಪನಿಗಳಿವೆ. ಏಳು ದಿನದ ನೋಟಿಸಿನಲ್ಲೇ ವಿಡಿಯೋ ಸೌಲಭ್ಯ ಇದೆಯೆಂದು ಬರೆಯಿರಿ. ಆರಂಭದಲ್ಲಿ ಹೆಸರು ಕೂಗಿ, ಎಲ್ಲಿಂದ ಸೇರಿದ್ದಾರೆ, ಕಾರ್ಯಸೂಚಿ ತಲುಪಿದೆಯೇ, ಕೋಣೆಯಲ್ಲಿ ಬೇರೆ ಯಾರೂ ಇಲ್ಲವೇ ಎಂದು ಪ್ರತಿಯೊಬ್ಬರ ಬಾಯಲ್ಲೂ ಹೇಳಿಸಿ. ಕರಡು ನಡಾವಳಿ 15 ದಿನದೊಳಗೆ ಎಲ್ಲರಿಗೂ ಹೋಗಬೇಕು. ಧ್ವನಿಮುದ್ರಣವನ್ನು ಕನಿಷ್ಠ ಆ ವರ್ಷದ ಆಡಿಟ್ ಮುಗಿಯುವವರೆಗೆ ಕಾಪಾಡಬೇಕು. ಅದು ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿದು, ಅವರು ಕೆಲಸ ಬಿಟ್ಟಾಗ ಕಳೆದುಹೋಗುವುದೇ ಹೆಚ್ಚು.

'ಅನಗತ್ಯ ಪ್ರಯಾಣ ಬೇಡ' ಎಂದು ಸುತ್ತೋಲೆ ಹೊರಡಿಸಿ ಎರಡು ವರ್ಷವಾಯಿತು. ಏನೂ ಕಡಿಮೆಯಾಗಿಲ್ಲ. ಎಲ್ಲಿ ಎಡವಿದ್ದೇವೆ?
— ಮಾನವ ಸಂಪನ್ಮೂಲ ವಿಭಾಗ, ಮೈಸೂರು

ತನ್ನ ಪ್ರಯಾಣ ಅನಗತ್ಯ ಎಂದು ಯಾರೂ ಒಪ್ಪುವುದಿಲ್ಲ, ಅಲ್ಲೇ ಎಡವಿದ್ದು. ಟೂರ್ ಫಾರಂನಲ್ಲಿ 'ಅಗತ್ಯವೇ?' ಎಂಬ ಪ್ರಶ್ನೆ ತೆಗೆದು, 'ವಾಪಸು ಬರುವಾಗ ಯಾವ ಕೆಲಸ ಮುಗಿದಿರಬೇಕು, ವಿಡಿಯೋದಲ್ಲಿ ಅದು ಏಕೆ ಆಗದು?' ಎಂದು ಎರಡು ಸಾಲು ಬರೆಸಿ. 'ಸಂಬಂಧ ಕುದುರಿಸಲು' ಎನ್ನುವುದು ಹೊಸ ಗಿರಾಕಿಗೆ ಒಪ್ಪುವ ಉತ್ತರ, ಐದನೇ ಭೇಟಿಗೆ ಅಲ್ಲ.

ಪ್ರತಿ ವಿಭಾಗಕ್ಕೂ ರೂಪಾಯಿಯ ಜೊತೆಗೆ ಕಿಲೋಗಳಲ್ಲೂ ವರ್ಷದ ಮಿತಿ ಕೊಡಿ. ಟಿಕೆಟ್ ಅಗ್ಗವಾದಾಗ ರೂಪಾಯಿಯ ಮಿತಿಯೊಳಗೇ ಹಾರಾಟ ಹೆಚ್ಚುತ್ತದೆ, ಕಿಲೋ ಮಿತಿ ಮಾತ್ರ ಜಗ್ಗುವುದಿಲ್ಲ. ದೊಡ್ಡವರಲ್ಲಿ ಮೈಕ್ರೋಸಾಫ್ಟ್ 2012ರಿಂದಲೇ ತನ್ನ ವಿಭಾಗಗಳಿಗೆ ಇಂಗಾಲದ ಶುಲ್ಕ ಹಾಕುತ್ತಿದೆ.

ನಿಮ್ಮ ಟಿಎ ನಿಯಮವನ್ನು ಒಮ್ಮೆ ತೆರೆದು ನೋಡಿ. 'ಈ ಹುದ್ದೆಯ ಮೇಲಿನವರಿಗೆ ವಿಮಾನ' ಎಂದು ಇದ್ದರೆ ವಿಮಾನ ಪದವಿಯ ಗುರುತಾಗಿಬಿಟ್ಟಿದೆ. ರೈಲು ಹತ್ತಿದವರು ಮರ್ಯಾದೆ ಕಳೆದುಕೊಂಡಂತೆ ಆಗುತ್ತದೆ. ಆರು ಗಂಟೆಯೊಳಗಿನ ಅಥವಾ ಒಂದು ರಾತ್ರಿಯ ದೂರಕ್ಕೆ ಎಲ್ಲ ಹುದ್ದೆಗೂ ರೈಲೇ ಮೊದಲು ಎಂದು ಬರೆಯಿರಿ. ಮೇಲಿನ ದರ್ಜೆಯ ಟಿಕೆಟ್ ಕೊಡಿ, ಓಡುವ ಹೊತ್ತನ್ನು ಡ್ಯೂಟಿ ಎಂದು ಎಣಿಸಿ. ಮುಂಬೈ, ದೆಹಲಿಗೆ ರೈಲು ಹತ್ತಿಸಲು ಹೋಗಬೇಡಿ. ದೆಹಲಿಗೆ ಒಂದೂವರೆ ದಿನ ಬೇಕು, ನಿಯಮವೇ ನಗೆಪಾಟಲಾಗುತ್ತದೆ. ಅಲ್ಲಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವುದನ್ನು ನಿಲ್ಲಿಸಿ, ಎರಡು ದಿನದಲ್ಲಿ ಮೂರು ಕೆಲಸ ಜೋಡಿಸಿದರೆ ಮಾತ್ರ ಒಪ್ಪಿಗೆ ಎನ್ನಿ. ನಾಲ್ವರ ತಂಡದಲ್ಲಿ ಇಬ್ಬರು ಹೋಗಲಿ, ಇಬ್ಬರು ತೆರೆಯ ಮೇಲೆ ಸೇರಲಿ.

ಉಳಿದ ದುಡ್ಡಿನಲ್ಲಿ ಇಡೀ ತಂಡವನ್ನು ಗೋವಾಕ್ಕೆ ಹಾರಿಸಿದರೆ ಬೆಟ್ಟ ಅಗೆದು ಇಲಿ ಹಿಡಿದಂತೆ. ಮತ್ತೆ, ನಿಯಮದಿಂದ ಮೇಲಿನವರಿಗೆ ವಿನಾಯಿತಿ ಕೊಟ್ಟರೆ ಅದು ಮೂರು ತಿಂಗಳು ಬಾಳುವುದಿಲ್ಲ. ಮೊದಲ ತಿಂಗಳ ಪಟ್ಟಿಯನ್ನು ವ್ಯವಸ್ಥಾಪಕ ನಿರ್ದೇಶಕರ ಸಾಲಿನಿಂದಲೇ ಶುರು ಮಾಡಿ ಗೋಡೆಗೆ ಹಾಕಿ.

ಹೋಗಲೇಬೇಕಾದಾಗ ಲಗೇಜು ಕಡಿಮೆ ಮಾಡಿದರೆ ಎಷ್ಟು ಉಳಿಯುತ್ತದೆ?
— ಓದುಗರು, ಉಡುಪಿ

ವಿಮಾನ ಹೊತ್ತ ಪ್ರತಿ ಕಿಲೋಗೂ ಗಂಟೆಗೆ ಅದರ ತೂಕದ ಸುಮಾರು 3% ಇಂಧನ ಬೇಕು. ದೆಹಲಿಗೆ ಎರಡೂವರೆ ಗಂಟೆ, ಹತ್ತು ಕಿಲೋ ಬಿಟ್ಟರೆ ಮುಕ್ಕಾಲು ಕಿಲೋ ಇಂಧನ ಉಳಿಯಿತು, ಅಂದರೆ ಎರಡು ಕಿಲೋ ಚಿಲ್ಲರೆ ಇಂಗಾಲದ ಡೈಆಕ್ಸೈಡ್. ಬ್ಯಾಗು ಹಗುರವಾಗಲಿ, ಭುಜಕ್ಕೆ ಒಳ್ಳೆಯದು. ಉಳಿದ 108 ಕಿಲೋ ನೀವು ಹೋಗುವುದರಿಂದಲೇ.